ಶ್ರೀರಂಗಪಟ್ಟಣಕ್ಕೆ ಎಷ್ಟು ಜಾಗ ಬೇಕು?

ಲುವಾಜಿಟ್ ಬಗ್ಗೆ ಕನ್ನಡದಲ್ಲೊಂದು ಸಣ್ಣ ಕೈಪಿಡಿ ಬರೀತಾ ಇದೀನಿ ಅಂದಾಗ ಗೆಳೆಯನೊಬ್ಬ ನಕ್ಕುಬಿಟ್ಟ. "ಕೋಡ್ ಬರೆಯೋರಿಗೆ ಅಷ್ಟು ಇಂಗ್ಲಿಷ್ ಬರಲ್ವೇನೋ?" ಅಂದ. ಬರುತ್ತೆ. ನಮ್ಮ ಕೆ.ಆರ್.ಪೇಟೆ, ನಾಗಮಂಗಲ ಕಡೆ ಕನ್ನಡ ಮೀಡಿಯಮ್ಮಿನಲ್ಲಿ ಓದಿ ಡಿಪ್ಲೊಮಾ ಸೇರೋ ಹುಡುಗರು ಉದಾಹರಣೆಯ ಕೋಡನ್ನ ಚೆನ್ನಾಗೇ ಓದ್ತಾರೆ. ಆದ್ರೆ ಅದರ ಕೆಳಗಿರೋ ಎಚ್ಚರಿಕೆಯ ಎರಡು ಸಾಲು ಬಿಟ್ಟುಬಿಡ್ತಾರೆ. ಪೆಟ್ಟು ಬೀಳೋದು ಅಲ್ಲೇ.

ಲುವಾ ಹುಟ್ಟಿದ್ದು 1993ರಲ್ಲಿ, ಬ್ರೆಜಿಲ್‌ನ ರಿಯೊ ನಗರದ ಒಂದು ವಿಶ್ವವಿದ್ಯಾಲಯದಲ್ಲಿ. ಅದನ್ನ ಜೋರಾಗಿ ಓಡಿಸೋಕೆ ಮೈಕ್ ಪಾಲ್ ಬರೆದದ್ದು ಲುವಾಜಿಟ್. ಮೊದಲು ಪ್ರೋಗ್ರಾಮನ್ನ ಇಂಟರ್‌ಪ್ರಿಟರ್‌ನಲ್ಲೇ ಓಡಿಸುತ್ತೆ. ಪದೇಪದೇ ಸುತ್ತೋ ಭಾಗ ಯಾವುದು ಅಂತ ನೋಡ್ಕೊಂಡು, ಅಷ್ಟನ್ನ ಮಾತ್ರ ಆಗಿಂದಾಗ್ಗೆ ಪ್ರೊಸೆಸರ್ ಭಾಷೆಗೆ ತಿರುಗಿಸುತ್ತೆ.

ಹಾಗಾಗಿ ಯಾವ ಪ್ರೊಸೆಸರ್ ಅನ್ನೋದು ಮುಖ್ಯ. ಎಕ್ಸ್86, ಎಕ್ಸ್64, ಆರ್ಮ್, ಆರ್ಮ್64, ಪವರ್‌ಪಿಸಿ, ಮಿಪ್ಸ್ ಅಂತ ಒಂದು ಪಟ್ಟಿ ಕೊಟ್ಟು ಸುಮ್ಮನಾಗಬಹುದು. ಆದ್ರೆ ಅದು ಅರ್ಧ ಸತ್ಯ. ಐಫೋನಿನಲ್ಲಿ ಇರೋದೂ ಆರ್ಮ್64 ಪ್ರೊಸೆಸರ್ರೇ, ಆದ್ರೂ ಅಲ್ಲಿ ಜಿಟ್ ಬಂದ್! ಓಡ್ತಾ ಓಡ್ತಾ ಹೊಸ ಕೋಡ್ ಹುಟ್ಟಿಸೋಕೆ ಐಓಎಸ್ ಬಿಡೋದಿಲ್ಲ. ಇಂಟರ್‌ಪ್ರಿಟರ್ ಓಡುತ್ತೆ, ಎಫ್‌ಎಫ್‌ಐ ಕೂಡ ಕೆಲಸ ಮಾಡುತ್ತೆ, ವೇಗ ಮಾತ್ರ ಇಲ್ಲ. ಶ್ರೀರಂಗಪಟ್ಟಣದಲ್ಲಿ ಬಸ್ ಹತ್ತೋರಿಗೆ ಪಾಂಡವಪುರದ ತನಕ ದಾರಿ ಒಂದೇ. ಆಮೇಲೆ ನಾಗಮಂಗಲದ ದಾರಿ ಬೇರೆ, ಕೆ.ಆರ್.ಪೇಟೆ ದಾರಿ ಬೇರೆ. ಬೋರ್ಡಿನಲ್ಲಿ ಕೊನೇ ಊರು ಬರೀದೇ ಇದ್ರೆ ಹೇಗೆ?

ಇನ್ನು ಎಫ್‌ಎಫ್‌ಐ. ಅಂದ್ರೆ ಸಿ ಭಾಷೆಯಲ್ಲಿ ಬರೆದ ಫಂಕ್ಷನ್ನುಗಳನ್ನ ಲುವಾದಿಂದಲೇ ಕರೆಯೋ ವ್ಯವಸ್ಥೆ. ನಮ್ಮ ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಅನ್ನೋ ಹೆಸರಿತ್ತು. ಹೈದರ್, ಟಿಪ್ಪು ಕಾಲದಲ್ಲಿ ಅವರ ಕಡೆಯ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ಜಾಗ ಅದು. ಹೊರಗಿನವರನ್ನ ಕೆಲಸಕ್ಕೆ ಕರೆಸಿದ ಮೇಲೆ ಕರಾರು ಸರಿಯಾಗಿರಬೇಕು, ಅಲ್ವಾ? ಇಲ್ಲೂ ಅಷ್ಟೇ. ಸಿ ಫಂಕ್ಷನ್ ಏನು ತಗೊಳ್ಳುತ್ತೆ, ಏನು ಕೊಡುತ್ತೆ ಅಂತ ನಾವು ಮೊದಲೇ ಬರೆದುಕೊಡಬೇಕು. ಬರೆದದ್ದನ್ನ ಲುವಾಜಿಟ್ ನಂಬಿಬಿಡುತ್ತೆ. ತಪ್ಪಾಗಿ ಬರೆದಿದ್ರೆ ಎಷ್ಟೋ ಸಲ ಯಾವ ಎರರ್ರೂ ಬರದೆ ಪ್ರೋಗ್ರಾಮ್ ಸೀದಾ ಸಾಯುತ್ತೆ.

ಮೆಮೊರಿಯದೂ ಇದೇ ಕಥೆ. ಸಿ ಕಡೆಯ ಮ್ಯಾಲಾಕ್‌ನಿಂದ ತಂದ ಜಾಗವನ್ನ ಲುವಾದ ಗಾರ್ಬೇಜ್ ಕಲೆಕ್ಟರ್ ತಾನಾಗಿ ಮುಟ್ಟೋದಿಲ್ಲ, ನಾವೇ ಬಿಡಿಸಬೇಕು. ಲುವಾ ಕಡೆ ಮಾಡಿದ ಜಾಗವನ್ನ ಸಿಗೆ ಕೊಟ್ಟು ನಾವು ಮರೆತ್ರೆ, ಸಿ ಇನ್ನೂ ಬಳಸ್ತಾ ಇರುವಾಗ್ಲೇ ಕಲೆಕ್ಟರ್ ಬಂದು ಗುಡಿಸ್ಕೊಂಡು ಹೋಗುತ್ತೆ :)

ಇಂಗ್ಲಿಷ್ ಕೈಪಿಡಿಯ "ಹಲೋ ವರ್ಲ್ಡ್" ಕಲಿಸದ ಪಾಠ ಇನ್ನೊಂದಿದೆ. "ಶ್ರೀರಂಗಪಟ್ಟಣ" ಅಂತ ಬರೀರಿ. ಕಣ್ಣಿಗೆ ಕಾಣೋ ಅಕ್ಷರ 6. ಯುನಿಕೋಡ್ ಲೆಕ್ಕದಲ್ಲಿ ಒತ್ತು, ದೀರ್ಘ, ಸೊನ್ನೆ ಎಲ್ಲ ಬಿಡಿಬಿಡಿಯಾಗಿ 12. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 36. ಸಿ ಪದ್ಧತಿಯ ಕೊನೆಯ ಶೂನ್ಯ ಸೇರಿದ್ರೆ 37. "ನಾಗಮಂಗಲ"ಕ್ಕೆ 5 ಅಕ್ಷರ, ಬೇಕಾಗೋದು 22 ಬೈಟ್. ಅಕ್ಷರ ಎಣಿಸಿ 6 ಬೈಟ್ ಜಾಗ ಮಾಡಿ ಅದಕ್ಕೆ ಶ್ರೀರಂಗಪಟ್ಟಣ ತುಂಬಿದ್ರೆ, ಮಿಕ್ಕಿದ್ದು ಪಕ್ಕದವರ ಮೆಮೊರಿ ಮೇಲೆ ಚೆಲ್ಲುತ್ತೆ. ಎಫ್‌ಎಫ್‌ಐ ಅಲ್ಲಿ ಗಡಿ ಕಾಯೋದಿಲ್ಲ. ಇಂಗ್ಲಿಷ್ ಹೆಸರು ಹಾಕಿ ಟೆಸ್ಟ್ ಮಾಡಿದವರಿಗೆ ಇದು ಕಾಣೋದೇ ಇಲ್ಲ. ನಮ್ಮೂರಿನ ಹೆಸರು ಹಾಕಿದ ದಿನ ಒಡೆಯುತ್ತೆ.

ಅದಕ್ಕೇ ಪಾರಿಭಾಷಿಕ ಪದಗಳ ತಂಟೆಗೆ ಹೋಗಿಲ್ಲ. ಪಾಯಿಂಟರ್ ಪಾಯಿಂಟರ್ರೇ, ಬೈಟ್ ಬೈಟೇ. "ಇದು ಎಲ್ಲಿ ಓಡೋಲ್ಲ, ಯಾವಾಗ ಒಡೆಯುತ್ತೆ" ಅನ್ನೋದನ್ನ ಮಾತ್ರ ಪ್ರತಿ ಪುಟದಲ್ಲೂ ಮೊದಲೇ, ನಾವು ಮನೇಲಿ ಆಡೋ ಕನ್ನಡದಲ್ಲಿ ಬರೀತಾ ಇದೀನಿ. ನೀವೂ ಒಮ್ಮೆ ನಿಮ್ಮೂರಿನ ಹೆಸರಿಗೆ ಎಷ್ಟು ಬೈಟ್ ಬೇಕು ಅಂತ ಎಣಿಸಿ ನೋಡಿ.