ಅಂಬಾಸಡರಿನ ಹೀಟರೂ ಕುಫ್ರಿಯ ಹಿಮವೂ

ದೆಹಲಿಯ ಚಳಿಯನ್ನು ಕನ್ನಡನಾಡಿನಿಂದ ಬಂದ ನಾವು ಮೊದಲನೆಯ ವರ್ಷ ಭಯದಿಂದ ಕಾಣುತ್ತೇವೆ, ಎರಡನೆಯ ವರ್ಷ ಬೇಸರದಿಂದ, ಮೂರನೆಯ ವರ್ಷದಿಂದಾಚೆಗೆ ಹೆಮ್ಮೆಯಿಂದ. ಊರಿನಿಂದ ನೆಂಟರು ಬಂದು ಕಂಬಳಿಯೊಳಗಿಂದ ಮುಖ ಹೊರಗೆ ಹಾಕದೆ ಕುಳಿತರೆ, "ಇದೇನು ಚಳಿ! ಮೇಲೆ ಸಿಮ್ಲೆಯ ಕಡೆ ಹೋಗಿ ನೋಡಬೇಕು" ಎಂದು ಬೀಗುತ್ತೇವೆ. ಇಂಥದೇ ಒಂದು ಮಾತು 1993ರ ಜನವರಿಯಲ್ಲಿ ನಮ್ಮನ್ನು ಪೇಚಿಗೆ ಸಿಕ್ಕಿಸಿತು.

ಆಗ ಗದಗಿನಿಂದ ಅಪ್ಪ, ಅವ್ವ ಬಂದಿದ್ದರು. ಅಪ್ಪ 36 ವರ್ಷ ಪ್ರಾಥಮಿಕ ಶಾಲೆಯಲ್ಲಿ ಭೂಗೋಳ ಕಲಿಸಿದವರು. ನಮ್ಮ ಮಾತು ಕೇಳಿ ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಹಿಮ ಅಂದ್ರ ಹ್ಯಾಂಗಿರ್ತದರೀ ಮಾಸ್ತರ ಅಂತ ಹುಡುಗರು ಕೇಳ್ತಿದ್ರು. ಸುಣ್ಣದಕಡ್ಡಿ ಪುಡಿ ಮಾಡಿ ತೋರಸ್ತಿದ್ದೆ. ಒಮ್ಮೆ ಖರೇದ್ದು ನೋಡಬೇಕಲ್ಲ" ಎಂದರು. 74ನೆಯ ವಯಸ್ಸಿನಲ್ಲಿ ತಂದೆ ಮಗನನ್ನು ಕೇಳಿದ ಮೊದಲನೆಯ ವಸ್ತು ಅದು. ಇಲ್ಲವೆನ್ನುವುದು ಹೇಗೆ?

ನಮ್ಮಲ್ಲಿದ್ದದ್ದು 1974ನೇ ಇಸವಿಯ ಅಂಬಾಸಡರ್ ಮಾರ್ಕ್ 2. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ ನಮ್ಮದನ್ನಾಗಿ ಮಾಡಿಕೊಂಡ ಈ ಗಾಡಿಯನ್ನು ವಾಚಕರಿಗೆ ಪರಿಚಯಿಸಬೇಕಾಗಿಲ್ಲ. 2014ರಲ್ಲಿ ಅದರ ತಯಾರಿಕೆ ನಿಂತಾಗ ಎಷ್ಟೋ ಮನೆಗಳಲ್ಲಿ ಬಂಧುವನ್ನು ಕಳೆದುಕೊಂಡಂತೆ ಮಾತಾಡಿಕೊಂಡರು. ನಮ್ಮ ಕಾರಿನ ಹಿಂದಿನ ಮಾಲೀಕರು ಸೈನ್ಯದಲ್ಲಿದ್ದವರು. ಬೆಟ್ಟದ ಮೇಲಿನ ಠಾಣೆಗೆ ವರ್ಗವಾದಾಗ ಕಾಶ್ಮೀರಿ ಗೇಟಿನಲ್ಲಿ ಅದಕ್ಕೊಂದು ಹೀಟರು ಹಾಕಿಸಿದ್ದರು. "ಹೀಟರ್ ಇರುವ ಕಾರು" ಎಂದು ನಾವು ಹೇಳಿಕೊಂಡು ತಿರುಗುತ್ತಿದ್ದೆವು. ಅದು ಬಿಸಿಯಾಗುತ್ತದೆಯೇ ಎಂದು ಮಾತ್ರ ಎಂದೂ ನೋಡಿರಲಿಲ್ಲ.

ಬೆಳಗಿನ 5ಕ್ಕೆ ಹೊರಟು, ಮುರ್ಥಲ್‌ನಲ್ಲಿ ಬೆಣ್ಣೆಯ ಪರಾಠ ತಿಂದು, ಕರ್ನಾಲ್, ಅಂಬಾಲಾ ದಾಟಿ ಕಾಲ್ಕಾ ಸೇರಿದೆವು. ಅಲ್ಲಿಂದ ಬೆಟ್ಟದ ರಸ್ತೆ. 1903ರಲ್ಲಿ ಆರಂಭವಾದ ಪುಟ್ಟ ರೈಲಿನ ಹಳಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಾಣಿಸಿಕೊಂಡು ಸುರಂಗದಲ್ಲಿ ಮಾಯವಾಗುತ್ತಿತ್ತು. ಈಗ ಪರವಾಣೂವಿನಿಂದ ಸೋಲನ್‌ವರೆಗೆ ಚತುಷ್ಪಥವಾಗಿದೆ. ಅಂದು ಎದುರಿಗೆ ಲಾರಿ ಬಂದರೆ ಬೆಟ್ಟಕ್ಕೆ ಮೈ ಒತ್ತಿ ನಿಲ್ಲಬೇಕಿತ್ತು. ಸುಮಾರು 2,200 ಮೀಟರ್ ಎತ್ತರದ ಸಿಮ್ಲೆ ತಲುಪುವಾಗ ಹೊತ್ತು ಇಳಿಯುತ್ತಿತ್ತು. ಹಿಮ ಇನ್ನೂ ಮೇಲೆ, ಕುಫ್ರಿಯಲ್ಲಿದೆ ಎಂದರು. ಕತ್ತಲಾಗುವುದರೊಳಗೆ ನೋಡಿ ಬರೋಣವೆಂದು ಮುಂದೆ ಹೊರಟದ್ದೇ ತಪ್ಪಾಯಿತು.

ಢಲ್ಲಿ ದಾಟಿ ಸ್ವಲ್ಪ ದೂರ ಹೋದಮೇಲೆ, ಹೆಪ್ಪುಗಟ್ಟಿದ ನೀರಿನ ಮೇಲೆ ಜಾರಿದ ಲಾರಿಯೊಂದು ರಸ್ತೆಗೆ ಅಡ್ಡವಾಗಿ ನಿಂತಿತ್ತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಹೀಟರಿನ ಗುಂಡಿ ಎಳೆದರೆ ಬಂದದ್ದು ಹೊರಗಿನದೇ ಗಾಳಿ, ಸ್ವಲ್ಪ ಧೂಳು ಬೆರೆತದ್ದು. ಒಂದು ಗಂಟೆಯೊಳಗೆ ಅಪ್ಪನ ತುಟಿ ನೀಲಿಯಾಯಿತು, ಮಾತು ತೊದಲತೊಡಗಿತು. ಪಕ್ಕದ ಚಹದ ಅಂಗಡಿಯ ಹುಡುಗ ಕನಿಕರಪಟ್ಟು ಕೆಂಡದ ಅಂಗೀಠಿಯೊಂದನ್ನು ತಂದುಕೊಟ್ಟ. ನಾವು ಅದನ್ನು ಹಿಂದಿನ ಸೀಟಿನ ಕಾಲ ಬಳಿ ಇಟ್ಟು, ಗಾಜು ಏರಿಸಿ, ಬದುಕಿದೆವೆಂದುಕೊಂಡೆವು.

ಐದು ನಿಮಿಷವೂ ಆಗಿರಲಿಲ್ಲ. ನಮ್ಮ ಹಿಂದಿದ್ದ ಲಾರಿಯ ಸರ್ದಾರ್ಜಿ ಬಂದು ಗಾಜಿನ ಮೇಲೆ ಗುದ್ದಿದರು. ಬಾಗಿಲು ತೆಗೆಯುವುದೇ ತಡ, ಅಂಗೀಠಿಯನ್ನು ಎತ್ತಿ ರಸ್ತೆಯ ಮೇಲೆ ಇಟ್ಟು, "ಬಾಬೂಜಿ, ಬಂದ್ ಗಾಡಿ ಮೇ ಅಂಗೀಠಿ? ಸೋತೇ ರಹ್ ಜಾಓಗೇ!" ಎಂದು ಬೈದರು. ಮಲಗಿದವರು ಮಲಗಿದಂತೆಯೇ ಉಳಿಯುತ್ತೀರಿ ಎಂದು ಅದರ ಅರ್ಥ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕಿದ ಬಿಗಿಯಿಂದ ಹಿಡಿದುಕೊಳ್ಳುತ್ತದೆ. ನಿದ್ದೆ ಬಂದಂತೆ ಆಗುತ್ತದೆ, ಅಷ್ಟೇ. ಸರ್ದಾರ್ಜಿ ಅಪ್ಪನನ್ನು ತಮ್ಮ ಲಾರಿಯ ಕ್ಯಾಬಿನ್ನಿಗೆ ಹತ್ತಿಸಿ, ಬೆಚ್ಚಗಿದ್ದ ಇಂಜಿನ್ನಿನ ಪಕ್ಕದಲ್ಲಿ ಕೂರಿಸಿ, ಚಹ ಕುಡಿಸಿದರು. ಅವರ ಹೆಸರನ್ನೂ ನಾವು ಕೇಳಲಿಲ್ಲ. ರಾತ್ರಿ ದಾರಿ ಬಿಟ್ಟಾಗ ಹಿಂದಿರುಗಿದೆವು.

ದೆಹಲಿಗೆ ಬಂದ ಮೇಲೆ ಅಪ್ಪ, "ಇರ್ಲಿ ಬಿಡು, ಪುಸ್ತಕದಾಗಿನ ಹಿಮಾನೂ ಬೆಳ್ಳಗ ಇರ್ತದ" ಎಂದರು. ಆ ಮಾತು ನಮಗೆ ಬೈಗುಳಕ್ಕಿಂತ ಹೆಚ್ಚು ನಾಟಿತು. ಮುಂದಿನ ಚಳಿಗಾಲಕ್ಕೆ ಮತ್ತೆ ಬರಬೇಕೆಂದು ಮಾತು ತೆಗೆದುಕೊಂಡೇ ಅವರನ್ನು ಊರಿನ ರೈಲು ಹತ್ತಿಸಿದೆವು.

ಕಾಶ್ಮೀರಿ ಗೇಟಿನಲ್ಲಿ ನಮಗೊಬ್ಬ ವೃದ್ಧ ಉಸ್ತಾದರು ಸಿಕ್ಕರು. ಹೊಸ ಹೀಟರು ಕೊಳ್ಳಲು ಹೋದ ನಮ್ಮನ್ನು ಕೂರಿಸಿ ಅವರು ಹೇಳಿದ್ದಿಷ್ಟು: ಹೀಟರು ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ಇಂಜಿನ್ನನ್ನು ತಣಿಸಿ ಬಿಸಿಯಾದ ನೀರಿನಲ್ಲಿ ಸ್ವಲ್ಪ ಪಾಲು ಒಂದು ಪುಟ್ಟ ರೇಡಿಯೇಟರಿನೊಳಗೆ ಹರಿಯುತ್ತದೆ, ಫ್ಯಾನು ಅದರ ಮೂಲಕ ಗಾಳಿ ಊದುತ್ತದೆ. ಬಯಲಿಗೆ ಚೆಲ್ಲಿಹೋಗುವ ಉಷ್ಣವನ್ನು ಒಳಗೆ ತಿರುಗಿಸಿಕೊಳ್ಳುವುದಷ್ಟೇ. ಆದ್ದರಿಂದ ಮೊದಲು ನೀರು ಬಿಸಿಯಾಗುತ್ತದೆಯೇ ನೋಡಬೇಕು, ಆಮೇಲೆ ಅದು ಹರಿಯುತ್ತದೆಯೇ, ಕೊನೆಗೆ ಬಂದ ಬಿಸಿ ನಿಲ್ಲುತ್ತದೆಯೇ.

ಇಂಜಿನ್ನಿನ ನೀರಿನ ಬಾಯಿ ಬಿಚ್ಚಿ ನೋಡಿದರೆ ಅಲ್ಲಿ ಥರ್ಮೋಸ್ಟಾಟೇ ಇಲ್ಲ! ಬಯಲುಸೀಮೆಯ ಬೇಸಿಗೆಗೆ ಹೆದರಿ ಯಾರೋ ಮೆಕ್ಯಾನಿಕ್ಕು ಅದನ್ನು ಕಿತ್ತೆಸೆದಿದ್ದ. ಈ ಕವಾಟ ನೀರು ಕಾಯುವವರೆಗೆ ರೇಡಿಯೇಟರಿನ ದಾರಿ ಮುಚ್ಚಿಟ್ಟಿರುತ್ತದೆ. ಅದಿಲ್ಲದಿದ್ದರೆ ಚಳಿಯಲ್ಲಿ ಇಂಜಿನ್ನೇ ಬೆಚ್ಚಗಾಗುವುದಿಲ್ಲ, ಪೆಟ್ರೋಲೂ ಹೆಚ್ಚು ಕುಡಿಯುತ್ತದೆ. 82 ಡಿಗ್ರಿಗೆ ತೆರೆಯುವ ಹೊಸದೊಂದನ್ನು ತಂದೆವು. ಹಾಕುವ ಮೊದಲು ಪರೀಕ್ಷಿಸಿ ಎಂದಿದ್ದರು ಉಸ್ತಾದರು. ಅಷ್ಟರಲ್ಲಿ ನವೆಂಬರ್ ಬಂದು ಅಪ್ಪ, ಅವ್ವ ಮತ್ತೆ ಬಂದಿದ್ದರು. ಅಡಿಗೆಮನೆಯಲ್ಲಿ ಪಾತ್ರೆಯೊಂದಕ್ಕೆ ನೀರು ಹಾಕಿ, ದಾರದಲ್ಲಿ ಅದನ್ನು ಇಳಿಬಿಟ್ಟು, ಥರ್ಮಾಮೀಟರು ಹಿಡಿದು ನಿಂತಿದ್ದಾಗ ಅವ್ವ ಬಂದಳು.

"ಹಾಲಿನ ಪಾತೇಲಿಯೊಳಗ ಮೋಟಾರಿನ ಎಲುಬು ಕುದಸ್ಲಿಕ್ಕೆ ಹತ್ತೀಯೇನೋ?"

ಎಲುಬು 82ಕ್ಕೆ ಸರಿಯಾಗಿ ಬಾಯಿ ತೆರೆಯಿತು. ಪಾತೇಲಿ ಮಾತ್ರ ಮತ್ತೆ ಒಲೆ ಏರಲಿಲ್ಲ.

ಎರಡನೆಯದು, ನೀರು ಹರಿಯುವುದು. ಹೀಟರಿನ ಎರಡೂ ಕೊಳವೆ ಬಿಚ್ಚಿ, ನೀರು ಹೊರಬರುವ ಕಡೆಯಿಂದ ತೋಟದ ಪೈಪು ಕೊಟ್ಟು ಹಿಮ್ಮುಖವಾಗಿ ತೊಳೆದೆವು. ಅರ್ಧ ಗಂಟೆ ಬೆಲ್ಲದ ಪಾನಕದಂಥ ತುಕ್ಕಿನ ನೀರು ಬಂತು. ಹೀಟರಿನ ನಲ್ಲಿ ಅರ್ಧ ತೆರೆದು ತುಕ್ಕಿನಲ್ಲಿ ಕಚ್ಚಿಕೊಂಡಿತ್ತು. ಅದನ್ನು ಬಿಡಿಸಿ, ತಂತಿಯನ್ನು ಸರಿಯಾದ ಉದ್ದಕ್ಕೆ ಬಿಗಿದೆವು. ಮತ್ತೆ ನೀರು ತುಂಬುವಾಗ ಕಾರಿನ ಮೂತಿಯನ್ನು ಏರಿಗೆ ನಿಲ್ಲಿಸಿ, ನಲ್ಲಿ ಪೂರ್ತಿ ತೆರೆದು ಇಂಜಿನ್ ನಡೆಸಿದೆವು. ಒಳಗೆ ಗಾಳಿಯ ಗುಳ್ಳೆ ಸಿಕ್ಕಿಕೊಂಡರೆ ಹೀಟರಿಗೆ ನೀರೇ ಏರುವುದಿಲ್ಲ. ಬರಿ ನೀರು ಬೆಟ್ಟದ ರಾತ್ರಿಯಲ್ಲಿ ಹೆಪ್ಪುಗಟ್ಟಿ ಹಿಗ್ಗಿ ಇಂಜಿನ್ನನ್ನೇ ಸೀಳಬಹುದಾದ್ದರಿಂದ ಎರಡು ಪಾಲು ನೀರಿಗೆ ಒಂದು ಪಾಲು ಗ್ಲೈಕಾಲ್ ಬೆರೆಸಿದೆವು. ಇದು ಸಿಹಿಯಾದ ವಿಷ. ಮಕ್ಕಳ, ನಾಯಿಗಳ ಬಾಯಿಗೆ ಸಿಗದಂತೆ ಇಡಬೇಕು.

ಮೂರನೆಯ ಕೆಲಸವನ್ನು ನಮ್ಮ ಮನೆಯವರು ವಹಿಸಿಕೊಂಡರು. ಊದುಬತ್ತಿ ಹಚ್ಚಿ ಕಾರಿನ ಒಳಗೆಲ್ಲ ಹಿಡಿದು, ಹೊಗೆ ಎಲ್ಲಿ ಅಲುಗಿತೋ ಅಲ್ಲಿ ಸುಣ್ಣದಕಡ್ಡಿಯಿಂದ ಗುರುತು ಹಾಕಿದರು. ಹದಿನೇಳು ಗುರುತು! ಇಂಜಿನ್ನಿನ ಕಡೆಯಿಂದ ತಂತಿಗಳು ಬರುವ ತೂತುಗಳಿಗೆ ರಬ್ಬರು, ಬಾಗಿಲಿಗೆ ಹೊಸ ಪಟ್ಟಿ, ಕಾಲಡಿಗೆ ದಪ್ಪ ಕಂಬಳಿ. ಇಂಜಿನ್ನಿನ ಹೊಗೆ ಒಳಗೆ ನುಸುಳದಂತೆಯೂ ಇದರಿಂದ ರಕ್ಷಣೆಯಾಯಿತು. ಅಂಗೀಠಿಯ ಪಾಠ ಮರೆಯದೆ ಸೈಲೆನ್ಸರಿನ ಕೊಳವೆಯ ಬೆಸುಗೆಗಳನ್ನೂ ತಪಾಸಣೆ ಮಾಡಿಸಿದೆವು.

ಹಿಂದೆ ಹೀಟರಿನ ಬಾಯಿಗೆ ಹಿಡಿದಾಗ 24 ಡಿಗ್ರಿ ತೋರಿಸಿದ್ದ ಥರ್ಮಾಮೀಟರು ಈಗ 48 ತೋರಿಸಿತು. ಹೊಸ ಹೀಟರು ಕೊಳ್ಳಲಿಲ್ಲ.

1994ರ ಜನವರಿಯಲ್ಲಿ ಮತ್ತೆ ಹೊರಟೆವು. ಈ ಸಲ ಸಿಮ್ಲೆಯಲ್ಲಿ ರಾತ್ರಿ ತಂಗಿ, ಬಿಸಿಲು ಏರಿದ ಮೇಲೆ ಮುಂದಕ್ಕೆ ನಡೆದೆವು. ರೇಡಿಯೇಟರಿನ ಮುಂದೆ ಮೂರರಲ್ಲೊಂದು ಭಾಗಕ್ಕೆ ರಟ್ಟು ಕಟ್ಟಿದ್ದೆವು. ಏರಿನಲ್ಲಿ ಮುಳ್ಳು ಮೇಲೆ ಹೋದಾಗ ಇಳಿದು ಅದನ್ನು ಬಿಚ್ಚಿದೆವು. ಒಳಗೆ ಎಷ್ಟು ಬೆಚ್ಚಗಿತ್ತೆಂದರೆ ಅವ್ವ ಶಾಲು ತೆಗೆದಿಟ್ಟು, ಚಕ್ಕಲಿಯ ಡಬ್ಬಿ ಬಿಚ್ಚಿದಳು. ಗಾಜನ್ನು ಒಂದು ಬೆರಳಷ್ಟು ಇಳಿಸಿಯೇ ಇದ್ದೆವು.

ಕುಫ್ರಿಗೆ ಒಂದು ತಿರುವು ಇರುವಾಗ ದೇವದಾರುಗಳ ಬುಡದಲ್ಲಿ ಬೆಳ್ಳಗೆ ಕಂಡಿತು. ಅಪ್ಪ ಕಾರು ನಿಲ್ಲಿಸಲು ಹೇಳಿ, ನಮ್ಮ ಕೈ ಹಿಡಿಯದೆ ತಾವೇ ಇಳಿದರು. ಬಹಳ ಹೊತ್ತು ನಿಂತರು. ಬಗ್ಗಿ ಒಂದು ಹಿಡಿ ತೆಗೆದುಕೊಂಡು ಬೆರಳಿನಲ್ಲಿ ತಿಕ್ಕಿ, "ಸುಣ್ಣದಕಡ್ಡಿ ಹಾಂಗಿಲ್ಲ. ಸಕ್ಕರಿ ಹಾಂಗದ. ಮೂವತ್ತಾರು ವರ್ಷ ತಪ್ಪು ಹೇಳೀನಿ" ಎಂದರು. ಕಾರಿನಿಂದ ಇಳಿಯಲೊಲ್ಲದ ಅವ್ವನಿಗೆ ತೋರಿಸಲೆಂದು ಡಬ್ಬಿಯ ಮುಚ್ಚಳದಲ್ಲಿ ಹಿಮ ತುಂಬಿಕೊಂಡು ಬಂದು ಕೂತರು. ಚಕ್ಕಲಿ ಬದಿಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಅವ್ವ ನೋಡುವಷ್ಟರಲ್ಲಿ ಮುಚ್ಚಳದ ತುಂಬ ನೀರು.

"ಎಲ್ಲದ ನಿಮ್ಮ ಹಿಮ?" ಎಂದಳು ಅವ್ವ.

"ನಿನ್ನ ಮಗ ಹೀಟರು ಭಾಳ ಚಲೋ ಮಾಡ್ಯಾನ" ಎಂದರು ಅಪ್ಪ. ಕೊನೆಗೆ ಅವ್ವನೂ ಇಳಿಯಬೇಕಾಯಿತು.

ಅಪ್ಪ 2003ರಲ್ಲಿ ತೀರಿಕೊಂಡರು. ಆಮೇಲೆ ಕಾರನ್ನು ಕಾಗದಪತ್ರ ಮಾಡಿಸಿ ಗದಗಿನ ತಮ್ಮನ ಮನೆಗೆ ಕಳುಹಿಸಿಕೊಟ್ಟೆವು. ಆ ಊರಿನಲ್ಲಿ ಹೀಟರಿಗೇನು ಕೆಲಸ ಎಂದು ನೀವು ಕೇಳಬಹುದು. ಏಪ್ರಿಲ್ ಬಿಸಿಲಿನಲ್ಲಿ ಇಂಜಿನ್ ಕುದಿಯುವ ಹಂತಕ್ಕೆ ಬಂದರೆ ತಮ್ಮ ಗಾಜುಗಳನ್ನೆಲ್ಲ ಇಳಿಸಿ, ಹೀಟರನ್ನು ಪೂರ್ತಿ ತೆರೆಯುತ್ತಾನೆ. ಅದು ಎರಡನೆಯ ರೇಡಿಯೇಟರಾಗಿ ಇಂಜಿನ್ನಿನ ಉಷ್ಣವನ್ನು ಇಳಿಸುತ್ತದೆ. ಒಳಗಿದ್ದವರು ಬೇಯುತ್ತಾರೆ, ಕಾರು ಉಳಿಯುತ್ತದೆ.

ಈ ಚಳಿಗಾಲದಲ್ಲಿ ಊರಿನ ಹಿರಿಯರನ್ನು ಬೆಟ್ಟಕ್ಕೆ ಕರೆದೊಯ್ಯುವ ಬಂಧುಗಳಿಗೆ ನಮ್ಮ ವಿನಂತಿ ಇಷ್ಟೇ: ಕಾರು ಹಳೆಯದಿರಲಿ ಹೊಸದಿರಲಿ, ಹೀಟರನ್ನು ಮನೆಯ ಬಾಗಿಲಲ್ಲೇ ಒಮ್ಮೆ ನಡೆಸಿ ನೋಡಿ. ಮುಚ್ಚಿದ ಗಾಡಿಯಲ್ಲಿ ಕೆಂಡವನ್ನು ಎಂದಿಗೂ ಇಡಬೇಡಿ. ಮತ್ತು ಹಿರಿಯರು ನೋಡಬೇಕೆಂದದ್ದನ್ನು ಮುಂದಿನ ವರ್ಷಕ್ಕೆ ಹಾಕಬೇಡಿ. ನಮಗೆ ಮುಂದಿನ ವರ್ಷ ಸಿಕ್ಕಿತು. ಅದು ಆ ಸರ್ದಾರ್ಜಿಯ ಪುಣ್ಯ.