ಟ್ಯಾಂಕರಿನವನಿಗೆ ಬಾಯಾರಿತ್ತು

ಹೇಳ್ತೀನಿ, ಕೂತ್ಕೊಳ್ಳಿ. 2024ರ ಮಾರ್ಚ್ 30, ಪಾಸ್ಖದ, ಅಂದರೆ ಈಸ್ಟರಿನ, ಹಿಂದಿನ ಪವಿತ್ರ ಶನಿವಾರ. ಬೆಂಗಳೂರಿನ ಕೆ.ಆರ್. ಪುರದ ಕಡೆ ಬೋರ್‌ವೆಲ್‌ಗಳು ಕೈಕೊಟ್ಟ ಬೇಸಿಗೆ ಅದು. ಕಾವೇರಿ ಐದನೇ ಹಂತದ ನೀರು ಬರಲು ಇನ್ನೂ ಅಕ್ಟೋಬರ್ ಆಗಬೇಕಿತ್ತು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದಾಗ ನಮ್ಮ ಬೀದಿಯವರು ನಕ್ಕಿದ್ದರು: ಮೊದಲು ನೀರು ಬರಲಿ, ಕಾರಿನ ಮಾತು ಆಮೇಲೆ.

ಚರ್ಚಿನ ಸಂಪೂ ಒಣಗಿತ್ತು. ಪಾಸ್ಖ ಜಾಗರಣೆ ನೀರಿಲ್ಲದೆ ನಡೆಯುವಂಥದ್ದಲ್ಲ. ಹೊರಗೆ ಬೆಂಕಿ ಹೊತ್ತಿಸಿ, ಆ ವರ್ಷದ ಅಂಕಿ ಕೊರೆದ ದೊಡ್ಡ ಮೇಣದ ಬತ್ತಿಯನ್ನು ಅದರಿಂದ ಹಚ್ಚಿ, ಕತ್ತಲ ಚರ್ಚಿನೊಳಗೆ ಒಯ್ಯುತ್ತಾರೆ. ನಡುರಾತ್ರಿ ಹೊತ್ತಿಗೆ ಅದೇ ಬತ್ತಿಯ ಬುಡವನ್ನು ನೀರಿಗಿಳಿಸಿ ಮಂತ್ರಿಸುತ್ತಾರೆ. ಆ ನೀರಿಗೆ ಜನ ಬಾಟಲಿ ಹಿಡಿದು ಸಾಲು ನಿಲ್ಲುತ್ತಾರೆ. ಕಕ್ಕಸಿಗೂ ನೀರು ಬೇಕು, ಅದನ್ನೂ ಹೇಳಬೇಕಲ್ಲ.

5 ಕಿಲೋಮೀಟರ್ ಒಳಗಾದರೆ 6,000 ಲೀಟರಿಗೆ 600 ರೂಪಾಯಿ ಎಂದು ಜಿಲ್ಲಾಡಳಿತ ಆ ತಿಂಗಳು ದರ ಕಟ್ಟಿತ್ತು. ಆ ದರಕ್ಕೆ ಟ್ಯಾಂಕರ್ ಸಿಗುವುದೇ ಪವಾಡ. ಅಂತೂ ಒಂದು ಸಿಕ್ಕಿತು, ಸಂಜೆ ಆರೂವರೆಗೆ ಬಂತು. ಪೈಪು ಸಂಪಿಗಿಳಿಸಿದ ಡ್ರೈವರ್, ಹೂ ಕಟ್ಟುತ್ತಿದ್ದ ಹೆಂಗಸರ ಹತ್ತಿರ ಬಂದ.

"ಅಕ್ಕಾ, ಕುಡಿಯೋಕೆ ಒಂದು ಲೋಟ ನೀರು ಸಿಗುತ್ತಾ? ರೋಜಾ ಬಿಡೋ ಹೊತ್ತಾಯ್ತು."

ನಾನೇ ನಕ್ಕೆ. "ಆರು ಸಾವಿರ ಲೀಟರ್ ತಂದಿದ್ದೀಯಲ್ಲಪ್ಪಾ!"

"ಅದು ಬೋರ್ ನೀರಣ್ಣ. ಬಾಯಿಗಿಡಕ್ಕಾಗಲ್ಲ."

ಒಬ್ಬಾಕೆ ಎದ್ದು ಕ್ಯಾನಿಂದ ನೀರು ಬಗ್ಗಿಸಿ ಕೊಟ್ಟಳು. ಅವನು ಜೇಬಿನಿಂದ ಖರ್ಜೂರದ ಪೊಟ್ಟಣ ತೆಗೆದು, ರಾತ್ರಿಯ ಬೆಂಕಿಗೆಂದು ಪೇರಿಸಿಟ್ಟ ಸೌದೆಯ ಪಕ್ಕದಲ್ಲೇ ಕೂತು ಉಪವಾಸ ಬಿಟ್ಟ. ಶಿವಾಜಿನಗರದಲ್ಲಿ ಬೆಳೆದವನಂತೆ. ಸೆಪ್ಟೆಂಬರ್ 8ರ ಮರಿಯಮ್ಮನ ತೇರಿಗೆ ಕಾವಿ ಸೀರೆಯ ಹೆಂಗಸರು ಬೆಸಿಲಿಕಾ ಮುಂದೆ ಕಿಕ್ಕಿರಿಯುವುದನ್ನು ಹೇಳಿದ. ಜ್ವರ ಬಂದಾಗ ಅವನಮ್ಮ ಅಲ್ಲಿ ಮೇಣದ ಬತ್ತಿ ಹಚ್ಚಿಸಿದ್ದಳಂತೆ. ಆ ಚರ್ಚಿನ ಬಾಗಿಲಲ್ಲಿ ಯಾರೂ ಜಾತಿ ಕೇಳುವುದಿಲ್ಲ, ಅದು ಊರಿಗೆಲ್ಲ ಗೊತ್ತು. ಲೋಟ ತೊಳೆಯಲು ಹೋದವನನ್ನು ಆಕೆ ತಡೆದಳು. ದುಡ್ಡೆಣಿಸಿಕೊಂಡು ಹೊರಟ.

ರಾತ್ರಿ ಜಾಗರಣೆಯಲ್ಲಿ ಹಳೆಯ ಒಡಂಬಡಿಕೆಯ ಏಳು ವಾಚನಗಳಿವೆ. ಹೊತ್ತಾಯಿತೆಂದು ಕೆಲವು ಕಡೆ ಮೂರಕ್ಕೇ ಮುಗಿಸುತ್ತಾರೆ. ನಮ್ಮ ಫಾದರ್ ಒಂದನ್ನೂ ಬಿಡುವವರಲ್ಲ. ನಮ್ಮ ಮಂಡಿಗಳೇ ಸಾಕ್ಷಿ. ಐದನೆಯದು ಯೆಶಾಯನ 55ನೇ ಅಧ್ಯಾಯ. ಬಾಯಾರಿದವರೆಲ್ಲ ನೀರಿಗೆ ಬರಲಿ, ಕೈಯಲ್ಲಿ ಕಾಸಿಲ್ಲದಿದ್ದರೂ ಬರಲಿ ಎಂದು ದೇವರು ಕರೆಯುವ ಭಾಗ. ಬಾಬಿಲೋನಿನಲ್ಲಿ ಸೆರೆಯಾಗಿದ್ದ ಜನಕ್ಕೆ ಹೇಳಿದ್ದು. ಬೀದಿಯಲ್ಲಿ ನೀರು ಮಾರುವವನ ಕೂಗಿನ ಧಾಟಿ ಅದಕ್ಕಿದೆ ಎಂದು ಓದುವವರಿದ್ದಾರೆ. ಕೂಗೇನೋ ವ್ಯಾಪಾರಿಯದೇ, ದರ ಮಾತ್ರ ಹೇಳುವುದಿಲ್ಲ. ಬೇರೆ ವರ್ಷ ತೂಕಡಿಸಿಕೊಂಡು ಕೇಳಿದ್ದನ್ನು ಅಂದು ಬೆನ್ನು ನೆಟ್ಟಗೆ ಮಾಡಿಕೊಂಡು ಕೇಳಿದೆ.

ನನಗೆ ಆ ಡ್ರೈವರ್ ನೆನಪಾದ. ಅವನ ಹಿಂದೆಯೇ ಯೊವಾನ್ನನ ಶುಭಸಂದೇಶದ ಬಾವಿಕಟ್ಟೆ. ನಡುಹಗಲು, ನಡೆದು ದಣಿದ ಯೇಸು, ಸೇದಲು ಕೊಡ ಹಗ್ಗ ಏನೂ ಇಲ್ಲ. ತನ್ನ ಜನ ಮುಟ್ಟಿಸಿಕೊಳ್ಳದ ಸಮಾರಿಯದ ಹೆಂಗಸಿನ ಮುಂದೆ ನೀರಿಗೆ ಕೈಯೊಡ್ಡುತ್ತಾನೆ. ತಾನು ಕೊಡಬಲ್ಲ ನೀರಿನ ಮಾತೆತ್ತುವುದು ಆಮೇಲೆ. ಹಿಂದಿನ ದಿನ, ಶುಭ ಶುಕ್ರವಾರ, ಶಿಲುಬೆಯ ಮೇಲೂ ಅವನಿಗೆ ಬಾಯಾರಿದ್ದನ್ನು ಕೇಳಿಸಿಕೊಂಡಿದ್ದೆವು. ಯೆಶಾಯನಲ್ಲಿ ಕೇಳಿದ್ದು ಮೇಲೆ ಕೂತು ಬಡವರನ್ನು ಕರೆಯುವ ದಾನಿಯ ದನಿಯಲ್ಲ. ಬಾಯಾರಿದವನೇ ಬಾಯಾರಿದವರನ್ನು ಕರೆಯುತ್ತಿದ್ದಾನೆ. ಇಷ್ಟು ವರ್ಷ ಪೂಜೆಗೆ ಹೋದರೂ ನನಗದು ಹೊಳೆದದ್ದು ಉಪ್ಪು ನೀರಿನ ಟ್ಯಾಂಕರಿನಿಂದ.

ಮುಂದಿನ ವಾರ ಸಮಿತಿ ಸೇರಿತು. ಬೇಸಿಗೆ ಮುಗಿಯುವವರೆಗೆ ಗೇಟಿನ ಹೊರಗೊಂದು ಕುಡಿಯುವ ನೀರಿನ ಕ್ಯಾನು ಇಡೋಣ ಎಂದಳು ಅಂದು ನೀರು ಕೊಟ್ಟಾಕೆ.

"ದಿನಾ ಕ್ಯಾನಿಗೆ ದುಡ್ಡು ಯಾರಮ್ಮ ಕೊಡ್ತಾರೆ?" ಅಂದರು ಲೆಕ್ಕ ನೋಡುವವರು.

"ಅಣ್ಣಾ, ಐದನೇ ವಾಚನದ ಹೊತ್ತಿಗೆ ನಿದ್ದೆ ಹೋಗಿದ್ರಾ?"

ಅವರು ಕನ್ನಡಕ ಸರಿಮಾಡಿಕೊಂಡು ಎರಡು ಕ್ಯಾನು ಬರೆದುಕೊಂಡರು.