ಹರಳುಗಟ್ಟಿದ ಜೇನು

1979ರ ಡಿಸೆಂಬರ್. ಬಿ.ಎಸ್ಸಿ. ಮೊದಲ ವರ್ಷದ ನಾನು ರಜೆಗೆಂದು ಮಲೆನಾಡಿನ ನಮ್ಮೂರಿಗೆ ಬಂದಿದ್ದೆ. ಅಮ್ಮ ಜೇನಿನ ಶೀಸೆಯನ್ನು ತಂದು ಮುಂದಿಟ್ಟಳು. ಅರ್ಧಕ್ಕರ್ಧ ಜೇನು ರವೆಯಂತೆ ಹರಳುಗಟ್ಟಿ ತಳದಲ್ಲಿ ಕೂತಿತ್ತು. "ಸಕ್ಕರೆ ಪಾಕ ಬೆರೆಸಿದ್ದಾನೆ ನೋಡು" ಎಂದಳು.

ವರ್ಷಾವರ್ಷ ನಮ್ಮ ಮನೆಗೆ ತುಡುವೆ ಜೇನು ತಂದುಕೊಡುತ್ತಿದ್ದವನು ಕಾಡಂಚಿನ ಒಬ್ಬ ಮುದುಕ. ಮರುದಿನ ಅವನು ಅಂಗಳಕ್ಕೆ ಬಂದಾಗ, ಓದಿದವನೆಂಬ ಠೇಂಕಾರದಲ್ಲಿ ನಾನೇ ಕೇಳಿದೆ: "ಎಷ್ಟು ಸೇರು ಸಕ್ಕರೆ ಹಾಕಿದ್ದೀಯ?" ಅವನು ವಾದಿಸಲಿಲ್ಲ. ಎಲೆಯಡಿಕೆ ಚೀಲದಿಂದ ದುಡ್ಡು ತೆಗೆದು ಜಗಲಿಯ ಮೇಲೆ ಎಣಿಸಿಟ್ಟ. ಶೀಸೆಯನ್ನು ಹಿಡಿದುಕೊಂಡು ಹೊರಟುಹೋದ. ಆಮೇಲೆ ನಮ್ಮ ಮನೆಯ ಕಡೆ ಬರಲಿಲ್ಲ.

ರಜೆ ಮುಗಿಸಿ ಕಾಲೇಜಿಗೆ ಮರಳಿದ ಮೇಲೆ ಒಂದು ದಿನ ಪ್ರಯೋಗಾಲಯದಲ್ಲಿ ಮೇಷ್ಟ್ರು ಪ್ರನಾಳದಲ್ಲಿ ಹೈಪೊ ಹರಳುಗಳನ್ನು ಕಾಯಿಸಿದರು. ಫೋಟೋ ತೊಳೆಯುವವರು ಬಳಸುತ್ತಿದ್ದ ಅದೇ ಹೈಪೊ. 48 ಡಿಗ್ರಿ ದಾಟುತ್ತಲೇ ಹರಳುಗಳು ತಮ್ಮೊಳಗಿನ ನೀರಿನಲ್ಲಿ ತಾವೇ ಕರಗಿ ತಿಳಿಯಾದವು. ಬಾಯಿಗೆ ಹತ್ತಿ ಇಟ್ಟು, ಅಲುಗಿಸದೆ ತಣಿಯಲು ಬಿಟ್ಟರು. ಪೂರ್ತಿ ತಣಿದರೂ ಅದು ದ್ರವವಾಗಿಯೇ ಉಳಿಯಿತು. ಆಮೇಲೆ ಒಂದೇ ಒಂದು ಹರಳನ್ನು ಒಳಗೆ ಉದುರಿಸಿದರು. ನೋಡನೋಡುತ್ತಿದ್ದಂತೆ ಇಡೀ ದ್ರವ ಗಟ್ಟಿಯಾಯಿತು. ಪ್ರನಾಳ ಮುಟ್ಟಿದರೆ ಬಿಸಿ!

ಬಿಸಿ ನೀರಿನಲ್ಲಿ ಹೆಚ್ಚು ಲವಣ ಕರಗುತ್ತದೆ. ತಣಿದಾಗ ಹೆಚ್ಚಾದದ್ದು ಹರಳಾಗಿ ಹೊರಬೀಳಬೇಕು. ಆದರೆ ಮೊದಲ ಹರಳು ಹುಟ್ಟುವುದೇ ಕಷ್ಟ. ಕೆಲವೇ ಕಣಗಳ ಪುಟ್ಟ ಗುಂಪು ಕೂಡಿದ ಹಾಗೆಯೇ ಚದುರಿಹೋಗುತ್ತದೆ. ಆತುಕೊಳ್ಳಲು ಬೀಜದಂಥದ್ದೊಂದು ಸಿಗುವ ತನಕ ದ್ರಾವಣ ತನ್ನ ಯೋಗ್ಯತೆಗೆ ಮೀರಿದ ಭಾರವನ್ನು ಹೊತ್ತೇ ಇರುತ್ತದೆ. ಇದೇ ಅತಿಪರ್ಯಾಪ್ತ ದ್ರಾವಣ.

"ಜೇನುತುಪ್ಪವೂ ಇದೇ ಜಾತಿ" ಎಂದರು ಮೇಷ್ಟ್ರು. ನನ್ನ ಎದೆ ಧಸಕ್ಕೆಂದಿತು.

ಇಲ್ಲಿ ಕಾಯಿಸುವ ಒಲೆಯಿಲ್ಲ. ಹೂವಿನ ನೀರಾದ ಮಕರಂದವನ್ನು ಜೇನ್ನೊಣಗಳು ರೆಕ್ಕೆ ಬೀಸಿ ಆರಿಸುತ್ತವೆ. ಕೊನೆಗೆ ನೂರು ಗ್ರಾಂ ಜೇನಿನಲ್ಲಿ ಉಳಿಯುವ ನೀರು ಸುಮಾರು 20 ಗ್ರಾಂ. ಅಷ್ಟು ನೀರಿಗೆ ಅದರಲ್ಲಿರುವ ಗ್ಲೂಕೋಸ್ ಹೆಚ್ಚೇ. ಗೂಡಿನ ಬೆಚ್ಚಗೆ ತಪ್ಪಿ 14 ಡಿಗ್ರಿ ಆಸುಪಾಸಿನ ಚಳಿ ತಾಗಿತೆಂದರೆ, ಒಂದು ಪರಾಗದ ಕಣವನ್ನು ಆತುಕೊಂಡಾದರೂ ಗ್ಲೂಕೋಸ್ ಹರಳುಗಟ್ಟಲು ತೊಡಗುತ್ತದೆ. ಹರಳುಗಟ್ಟಿದ ಮಾತ್ರಕ್ಕೆ ಜೇನು ಶುದ್ಧವೆಂದಲ್ಲ, ಕಲಬೆರಕೆಯೆಂದೂ ಅಲ್ಲ.

ಬೇಸಿಗೆ ರಜೆಗೆ ಬಂದವನೇ ಮುದುಕನ ಗುಡಿಸಲು ಹುಡುಕಿಕೊಂಡು ಹೋದೆ. ದ್ರಾವಣ, ಗ್ಲೂಕೋಸ್ ಎಂದೆಲ್ಲ ತೊದಲಿದೆ. ಅವನು ಸುಮ್ಮನೆ ಕೇಳಿಸಿಕೊಂಡು ಒಳಗಿನಿಂದ ಅದೇ ಶೀಸೆಯನ್ನು ತಂದ. ಜೇನು ಪೂರಾ ಕರಗಿ ಹೊಂಬಣ್ಣಕ್ಕೆ ತಿರುಗಿತ್ತು.

"ಬಿಸಿಲಿಗಿಟ್ರೆ ಕರಗ್ತದೆ ಅಂತ ನಂಗೆ ಗೊತ್ತಿತ್ತು ಅಯ್ಯಾ" ಎಂದ. "ನೀವು ಸಕ್ಕರೆ ಲೆಕ್ಕ ಕೇಳಿದ್ರಿ, ಇದನ್ನ ಕೇಳ್ಲಿಲ್ಲ."

ದುಡ್ಡು ಕೊಟ್ಟೆ. ಎಣಿಸದೆಯೇ ಚೀಲಕ್ಕೆ ಹಾಕಿಕೊಂಡ.